ಎರಡನೇ ಮಹಡಿಯ ಟೋಲ್‌ಗೇಟು

ಜುಲೈ 3, ಸೋಮವಾರ

ಮದುವೆಗೆ ಬಂದ ಉಡುಗೊರೆಗಳಲ್ಲಿ ಗೋಡೆ ಗಡಿಯಾರ ಏಳು, ಹೂದಾನಿ ನಾಲ್ಕು, ದಿನಚರಿ ಪುಸ್ತಕ ಒಂದೇ ಒಂದು. ಗಡಿಯಾರಗಳು ಏಳು ಬೇರೆ ಬೇರೆ ಸಮಯ ತೋರಿಸುತ್ತ ಅಟ್ಟದ ಮೇಲೆ ಕೂತಿವೆ. ದಿನಚರಿ ನನ್ನ ದಿಂಬಿನ ಕೆಳಗೆ ಬಂದಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು ನಾನು. ಆ ಭಾಷೆಯಲ್ಲಿ ಬರೆಯಲು ಹೊರಟರೆ ಪ್ರತಿ ವಾಕ್ಯವೂ ಪರೀಕ್ಷೆಯ ಉತ್ತರದ ಹಾಗೆ ನೆಟ್ಟಗೆ ನಿಂತುಬಿಡುತ್ತದೆ. ಸಂತೋಷಕ್ಕೆ ಅಮ್ಮನ ಮಾತೇ ಬೇಕು. ಒತ್ತಕ್ಷರ ತಪ್ಪಿದರೆ ತಪ್ಪಲಿ, ಓದುವವರು ಯಾರಿದ್ದಾರೆ!

ಇವತ್ತು ಕೆಲಸದ ಮೊದಲ ದಿನ. ಅದೂ ಇವರ ಶಾಲೆಯಲ್ಲೇ! ಒಂಬತ್ತು ಮತ್ತು ಹತ್ತನೇ ತರಗತಿಗೆ ಇಂಗ್ಲಿಷ್. ಇವರು ದೈಹಿಕ ಶಿಕ್ಷಣದ ಮೇಷ್ಟ್ರು, ಹುಡುಗರ ವಾಲಿಬಾಲ್ ತಂಡಕ್ಕೆ ತರಬೇತಿ ಕೊಡುವವರು. ಕೊರಳಲ್ಲಿ ಸದಾ ವಿಷಲ್ ನೇತಾಡುತ್ತಿರುವುದರಿಂದ ಮಕ್ಕಳು ಇಟ್ಟ ಹೆಸರು ಪೀಪಿ ಸಾರ್. ಎರಡನೇ ಪೀರಿಯಡ್ಡಿಗೆ ಹೋಗುವಾಗ ಹಿಂದಿನಿಂದ ಯಾರೋ ಪಿಸುಗುಟ್ಟಿದರು: "ಪೀಪಿ ಮಿಸ್ ಬಂದ್ರು ಕಣ್ರೋ!" ನನಗೆ ನಗು ತಡೆಯಲಾಗಲಿಲ್ಲ. ಎರಡು ತಿಂಗಳಲ್ಲಿ ಎಷ್ಟು ಹೆಸರು ಬದಲಾಯಿಸಿಕೊಂಡೆ. ಇದೇ ಎಲ್ಲಕ್ಕಿಂತ ಚೆನ್ನಾಗಿದೆ.

ಬೆಳಿಗ್ಗೆ ಇಬ್ಬರೂ ಜೊತೆಯಲ್ಲೇ ನಡೆದು ಹೊರಟೆವು. ಗೇಟು ಕಾಣುತ್ತಲೇ ಇವರು ಬಿರಬಿರನೆ ಹತ್ತು ಹೆಜ್ಜೆ ಮುಂದೆ ಹೋದರು. "ಮಕ್ಕಳು ನೋಡ್ತಾರೆ ಕಣೆ." ನಾನು ಹಿಂದಿನಿಂದ ಇವರ ಬೆನ್ನು ನೋಡುತ್ತ ನಡೆದೆ. ಎಂಥ ಬೆನ್ನು! ಇವರು ಹತ್ತನೇ ತರಗತಿಯವರೆಗೆ ಓದಿದ್ದೂ ಇಲ್ಲೇ. ಯಾವ ಬೆಂಚಿನಲ್ಲಿ ಕೂರುತ್ತಿದ್ದರೆಂದು ತೋರಿಸಿದ್ದರು; ಯಾರೂ ಇಲ್ಲದಾಗ ಹೋಗಿ ಅದರ ಮೇಲೆ ಒಂದು ನಿಮಿಷ ಕೂತು ಬಂದೆ. ನನಗೆ ಪೂರ್ತಿ ಹುಚ್ಚು.

ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸುದ್ದಿ ಓದಲು ಬಂದಳು. ಮೈಕು ಕೆಮ್ಮಿತು, ಕಿರುಚಿತು, ಸತ್ತಿತು. ಹುಡುಗಿ ಅದನ್ನು ಪಕ್ಕಕ್ಕೆ ಸರಿಸಿ ಹಾಗೇ ಓದಿದಳು. ಆಟದ ಮೈದಾನದ ಆಚೆ ತುದಿಯಲ್ಲಿದ್ದ ಕಾಗೆಗಳು ಎದ್ದು ಹಾರಿದವು! ಅವಳನ್ನು ಎಲ್ಲರೂ ಮೈಕ್ ಅಂತಲೇ ಕರೆಯುತ್ತಾರಂತೆ. ಮನೆಯಲ್ಲಿ ಅವಳಪ್ಪನೂ.

ಜುಲೈ 5, ಬುಧವಾರ

ಇಲ್ಲಿಯ ಹುಡುಗಿಯರದ್ದು ಒಂದು ಹೊಸ ಫ್ಯಾಷನ್. ಪುಸ್ತಕದ ಚೀಲವನ್ನು ಬೆನ್ನಿಗೆ ಹಾಕುವುದಿಲ್ಲ, ಎದೆಗೆ ಅವಚಿಕೊಂಡು ಮೆಟ್ಟಿಲು ಇಳಿಯುತ್ತಾರೆ. ನೋಡಲು ಮುದ್ದು ಮುದ್ದಾಗಿದೆ, ಒಬ್ಬೊಬ್ಬಳೂ ಕೂಸನ್ನು ಎತ್ತಿಕೊಂಡ ಹಾಗೆ. ಮನೆಯಲ್ಲಿ ಅತ್ತೆಗೆ ಮಾಡಿ ತೋರಿಸಿದೆ. ಅತ್ತೆ ನಗಲಿಲ್ಲ. ಕಾಲುನೋವಿರಬೇಕು.

ಜುಲೈ 7, ಶುಕ್ರವಾರ

ಸಂಜೆ ಇವರ ತಂಡದ ಅಭ್ಯಾಸ ನೋಡಲು ಕೂತೆ. ಈ ತಿಂಗಳ ಕೊನೆಗೆ ಫೈನಲ್. ನಾಯಕನ ಅಡ್ಡಹೆಸರು ಏಣಿ. ಎಷ್ಟು ಉದ್ದವೆಂದರೆ ತರಗತಿಯ ಫ್ಯಾನು ಒರೆಸಲು ಅವನಿಗೆ ಸ್ಟೂಲು ಬೇಡ. ಚೆಂಡು ಬಾರಿಸುವುದರಲ್ಲಿ ಮುಂದಿರುವವನು ಸ್ಪ್ರಿಂಗ್. ಅವನು ನೆಗೆದರೆ ಒಂದು ಕ್ಷಣ ಗಾಳಿಯಲ್ಲೇ ನಿಲ್ಲುತ್ತಾನೆ.

ಒಂದು ವಿಷಯ ಬಹಳ ಇಷ್ಟವಾಯಿತು. ಎದುರಿನಿಂದ ಬಂದ ಚೆಂಡು ಗೆರೆಯಾಚೆ ಬೀಳುವಂತಿದ್ದರೆ ಅದು ಮುಂದೆ ನಿಂತವನಿಗೆ ಗೊತ್ತಾಗುವುದಿಲ್ಲ, ಹಿಂದೆ ನಿಂತವನಿಗೆ ಕಾಣುತ್ತದೆ. ಅವನು "ಬಿಡು!" ಅಂತ ಕೂಗಬೇಕು. ಕೂಗಿದ ಕೂಡಲೇ ಮುಂದಿನವನು ಎತ್ತಿದ ಕೈಯನ್ನು ಹಿಂದಕ್ಕೆಳೆದುಕೊಳ್ಳಬೇಕು. "ಯಾಕೆ, ಏನು ಅಂತ ಕೇಳೋ ಹಾಗಿಲ್ಲ," ಅಂದರು ಇವರು. "ನಿನ್ನ ಕಣ್ಣಿಗಿಂತ ನಿನ್ನವನ ಕೂಗು ದೊಡ್ಡದು. ನಾನು ಕಲಿಸೋದು ಇದೊಂದೇ." ಎಷ್ಟು ಚೆನ್ನಾಗಿ ಮಾತಾಡುತ್ತಾರೆ! ಮನೆಯಲ್ಲಿ ಮಾತ್ರ "ಸಾಬೂನು ಎಲ್ಲಿ?" ಬಿಟ್ಟರೆ ಬೇರೆ ಮಾತಿಲ್ಲ.

ಜುಲೈ 10, ಸೋಮವಾರ

ಅದು ಫ್ಯಾಷನ್ ಅಲ್ಲ.

ಶಾಲೆಗೆ ಇರುವುದು ಒಂದೇ ಮೆಟ್ಟಿಲ ಸಾಲು. ಎರಡು ಬೆಲ್ಲುಗಳ ನಡುವಿನ ಮೂರು ನಿಮಿಷದಲ್ಲಿ ಮೇಲಿನವರು ಇಳಿಯಬೇಕು, ಕೆಳಗಿನವರು ಹತ್ತಬೇಕು. ಎರಡನೇ ಮಹಡಿಯ ತಿರುವಿನಲ್ಲಿ ಕಿಟಕಿಯಿಲ್ಲ, ಬಲ್ಬೂ ಇಲ್ಲ. ಅಲ್ಲಿ ಹತ್ತನೇ ತರಗತಿಯ ಹುಡುಗರು ಆಚೆಗೊಂದು ಈಚೆಗೊಂದು ಸಾಲಾಗಿ ನಿಲ್ಲುತ್ತಾರೆ. ಹುಡುಗಿಯರು ನಡುವೆ ಹಾದುಹೋಗಬೇಕು. ಅದಕ್ಕೆ ಹೆಸರೇ ಟೋಲ್‌ಗೇಟು. ಕೊಡಬೇಕಾದ ಟೋಲು ಏನೆಂದು ಇಲ್ಲಿ ಬರೆಯುವುದಿಲ್ಲ. ಭುಜ ತಾಗಿಸುವುದು, ಕೈ ತಾಗಿಸುವುದು, ಕಿವಿಯಲ್ಲಿ ಒಂದು ಮಾತು. ಎಲ್ಲರೂ ನಗುತ್ತಾರೆ, ಬೆಲ್ ಆಗುತ್ತದೆ, ಮುಗಿಯಿತು.

ಹೇಳಿದವಳು ಮೈಕ್. ನಾನಾಗಿ ಕೇಳಿದ್ದಕ್ಕೆ ಹೇಳಿದಳು. "ನಿಮಗೆ ಗೊತ್ತಿಲ್ವಾ ಮಿಸ್? ಎಲ್ಲರಿಗೂ ಗೊತ್ತು. ಸ್ಟಾಫ್ ರೂಮಿನವರು ಅದಕ್ಕೇ ಬೆಲ್ ಆದ್ಮೇಲೆ ಇಳಿಯೋದು."

ಮನೆಗೆ ಬಂದು ಇವರಿಗೆ ಹೇಳಿದೆ. ಶೂ ಬಿಚ್ಚುತ್ತಿದ್ದವರು ತಲೆ ಎತ್ತದೆ, "ಅದು ನಮ್ಮ ಕಾಲದಿಂದಲೂ ಇದೆ ಕಣೆ. ಹುಡುಗಾಟ. ನೀನು ಹೊಸಬಳು, ತಲೆ ಕೆಡಿಸ್ಕೋಬೇಡ," ಅಂದರು. ನಾನು ತಲೆ ಕೆಡಿಸಿಕೊಂಡೇ ತೀರುತ್ತೇನೆ. ಇದನ್ನು ನಿಲ್ಲಿಸುತ್ತೇನೆ. ಇವರು ಜೊತೆಗಿದ್ದರೆ ನನಗೇನು ಭಯ!

ಜುಲೈ 11, ಮಂಗಳವಾರ

ಐಡಿಯಾ! ಸ್ನಾನ ಮಾಡುವಾಗ ಹೊಳೆಯಿತು. ಟೋಲ್‌ಗೇಟಿನಲ್ಲಿ ನಿಲ್ಲುವವರನ್ನೇ ಕಾವಲಿಗೆ ನಿಲ್ಲಿಸಿದರೆ? ಹುಡುಗರನ್ನು ಬೈದರೆ ಅವರು ದೂರ ಹೋಗುತ್ತಾರೆ, ಜವಾಬ್ದಾರಿ ಕೊಟ್ಟರೆ ಹತ್ತಿರ ಬರುತ್ತಾರೆ. ವಾಲಿಬಾಲ್ ತಂಡವನ್ನು ಕಂಡರೆ ಎಲ್ಲ ಹುಡುಗರಿಗೂ ಗೌರವ. ಆ ಹನ್ನೆರಡು ಮಂದಿಯೇ "ಮೆಟ್ಟಿಲು ರಕ್ಷಕರು"! ತೋಳಿಗೆ ಕೆಂಪು ಪಟ್ಟಿ!

ಹೆಡ್‌ಮಾಸ್ಟರು ಎದ್ದು ನಿಂತು ಕೈ ಮುಗಿದರು. "ಮೇಡಂ, ಹತ್ತು ವರ್ಷದಿಂದ ಯಾರಿಗೂ ಹೊಳೀಲಿಲ್ಲ. ಹೊಸ ನೀರು ಅಂದ್ರೆ ಇದು!" ನಾನು ನೆಲದಿಂದ ಎರಡು ಅಂಗುಲ ಮೇಲೆ ನಡೆಯುತ್ತ ಬಂದೆ.

ಉಡುಗೊರೆಯಾಗಿ ಬಂದ ಕೆಂಪು ಪರದೆಯೊಂದನ್ನು ಕತ್ತರಿಸಿ ಅತ್ತೆಯ ಹೊಲಿಗೆ ಯಂತ್ರದಲ್ಲಿ ಹನ್ನೆರಡು ಪಟ್ಟಿ ಹೊಲಿದೆ. ಅತ್ತೆ ದಾರ ಪೋಣಿಸಿಕೊಟ್ಟು, "ಪಟ್ಟಿ ಕಟ್ಟಿದ್ರೆ ಕೈ ಬದಲಾಗುತ್ತಾ?" ಅಂದರು. ಅತ್ತೆಗೆ ಯಾವುದರಲ್ಲೂ ಉತ್ಸಾಹವಿಲ್ಲ.

ಜುಲೈ 14, ಶುಕ್ರವಾರ

ಮೂರು ದಿನದಿಂದ ಟೋಲ್‌ಗೇಟು ಇಲ್ಲ! ತಿರುವಿನಲ್ಲಿ ಏಣಿ ಒಂದು ಕಡೆ, ಸ್ಪ್ರಿಂಗ್ ಇನ್ನೊಂದು ಕಡೆ, ಕೈ ಹಿಂದೆ ಕಟ್ಟಿಕೊಂಡು ಸೈನಿಕರ ಹಾಗೆ. "ಎಡಕ್ಕೆ, ಎಡಕ್ಕೆ, ಸಾಲಾಗಿ ಬನ್ನಿ." ಸ್ಟಾಫ್ ರೂಮಿನಲ್ಲಿ ನನಗಾಗಿ ಬಿಸ್ಕತ್ತು ತರಿಸಿದರು. ಇವರು ಗೇಟಿನ ಬಳಿ ಹತ್ತು ಹೆಜ್ಜೆ ಬದಲು ಐದೇ ಹೆಜ್ಜೆ ಮುಂದೆ ಹೋದರು. ಇದಕ್ಕಿಂತ ಇನ್ನೇನು ಬೇಕು?

ಹುಡುಗಿಯರು ಚೀಲವನ್ನು ಇನ್ನೂ ಎದೆಗೇ ಹಿಡಿಯುತ್ತಾರೆ. ಅಭ್ಯಾಸ, ನಿಧಾನಕ್ಕೆ ಹೋಗುತ್ತದೆ.

ಜುಲೈ 19, ಬುಧವಾರ

ರಕ್ಷಕರು ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಯಾವ ಹುಡುಗಿ ಯಾರ ಜೊತೆ ನಿಂತು ಮಾತಾಡಿದಳು, ಯಾರು ಜಡೆ ಸರಿಯಾಗಿ ಕಟ್ಟಿಲ್ಲ, ಯಾರು ಜೋರಾಗಿ ನಕ್ಕಳು, ಎಲ್ಲ ಬರೆಯುತ್ತಾರೆ. ಹೆಡ್‌ಮಾಸ್ಟರಿಗೆ ಆ ನೋಟ್‌ಬುಕ್ ಬಹಳ ಇಷ್ಟವಾಗಿದೆ.

ಮೈಕ್ ಬಂದು, "ಮಿಸ್, ಮುಂಚೆ ಮೂರು ನಿಮಿಷ ಕಾಟ ಇತ್ತು. ಈಗ ಇಡೀ ದಿನ," ಅಂದಳು. "ಸ್ವಲ್ಪ ಅತಿ ಮಾಡ್ತಾರೆ, ನಾನು ಹೇಳ್ತೀನಿ," ಅಂದೆ. ಸ್ಪ್ರಿಂಗ್‌ಗೆ ಹೇಳಿದೆ. ಅವನು ಪಟ್ಟಿ ಸರಿಮಾಡಿಕೊಂಡು, "ಅವರ ಒಳ್ಳೇದಕ್ಕೇ ಮಿಸ್," ಅಂದ. ಎಷ್ಟು ವಿನಯದ ಹುಡುಗ.

ಇವರಿಗೆ ಹೊಸ ಅಂಗಿ ತಂದೆ. ನೀಲಿ.

ಜುಲೈ 21, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮೆಟ್ಟಿಲ ತಿರುವಿನಲ್ಲಿ ಸ್ಪ್ರಿಂಗ್ ಮೈಕ್‌ಳನ್ನು ತಡೆದಿದ್ದಾನೆ. "ಚೆಕಿಂಗು, ಚೀಲ ತೋರಿಸು." ಅವಳು ಕೊಡಲಿಲ್ಲ. ಅವನು ಕಿತ್ತ. ಚೀಲದ ಪಟ್ಟಿ ಹರಿಯಿತು. ಚೀಲ ಕಿತ್ತ ಕೈ ಚೀಲದ ಜೊತೆಗೇ ಹಿಂದಕ್ಕೆ ಹೋಗಲಿಲ್ಲ. ಮೈಕ್ ಊಟದ ಸ್ಟೀಲ್ ಡಬ್ಬಿಯಿಂದ ಅವನ ಹುಬ್ಬಿಗೆ ಬಾರಿಸಿದಳು. ಮೂರು ಹೊಲಿಗೆ.

ಹೆಡ್‌ಮಾಸ್ಟರು ಅವಳನ್ನು, ನನ್ನನ್ನು, ಇವರನ್ನು ಕೋಣೆಗೆ ಕರೆಸಿದರು. ಮೇಜಿನ ಮೇಲೆ ರಕ್ತ ಹತ್ತಿದ ಕೆಂಪು ಪಟ್ಟಿ. ಕೆಂಪಿನ ಮೇಲೆ ರಕ್ತ ಕಂದಾಗಿ ಕಾಣುತ್ತದೆ.

"ಅವನ ಕೈಯಲ್ಲಿ ಪಟ್ಟಿ ಇತ್ತೋ ಇಲ್ವೋ?" ಅಂತ ಅವಳನ್ನು ಕೇಳಿದರು.

"ಇತ್ತು ಸಾರ್."

"ಪಟ್ಟಿ ಕಟ್ಟಿದ್ದಾನೆ ಅಂದ್ರೆ ಅವನು ಶಾಲೆಯ ಪರವಾಗಿ ನಿಂತಿದ್ದಾನೆ. ಅವನನ್ನ ಹೊಡೆದ್ರೆ ಶಾಲೆಯನ್ನ ಹೊಡೆದ ಹಾಗೆ."

"ಹಾಗಾದ್ರೆ ನನ್ನ ಚೀಲ ಕಿತ್ತಿದ್ದೂ ಶಾಲೇನಾ ಸಾರ್?"

"ಬಾಯಿ ನೋಡಿ ಮೇಡಂ, ಬಾಯಿ!"

ಮುಂದಿನ ಶುಕ್ರವಾರ ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರ ಎದುರು ಅವಳು ಕ್ಷಮೆ ಕೇಳಬೇಕು. ಇಲ್ಲವಾದರೆ ಅದೇ ದಿನ ಟಿಸಿ ಕೊಟ್ಟು ಕಳಿಸುತ್ತಾರೆ. ತಿರುವಿನಲ್ಲಿದ್ದವರನ್ನು ಕರೆಸಿ ಏನು ನೋಡಿದಿರೆಂದು ಕೇಳಿದ್ದಕ್ಕೆ ಏಣಿಯೂ ಸೇರಿ ಎಲ್ಲರದ್ದೂ ಒಂದೇ ಉತ್ತರ: "ನೋಡಿಲ್ಲ ಸಾರ್." ಇವರು ಗೋಡೆಯ ಮೇಲಿನ ಟ್ರೋಫಿಗಳ ಫೋಟೋ ನೋಡುತ್ತ ನಿಂತಿದ್ದರು.

ಬೇಲಿಯೇ ಎದ್ದು ಹೊಲ ಮೇಯಿತು ಅನ್ನುತ್ತಾರೆ. ಆ ಬೇಲಿಯನ್ನು ಪರದೆ ಕತ್ತರಿಸಿ ಹೊಲಿದವಳು ನಾನು.

ಜುಲೈ 22, ಶನಿವಾರ

ಮೈಕ್‌ಳ ಅಪ್ಪ ಬೀಗ ರಿಪೇರಿ ಮಾಡುವವರು. ಬಾಗಿಲಗಲದ ಅಂಗಡಿ, ಗೋಡೆಯ ತುಂಬ ನೇತಾಡುವ ಕೀಲಿಕೈಗಳು ಗಾಳಿ ಬಂದರೆ ಗಲಗಲ ಅನ್ನುತ್ತವೆ. ನನ್ನನ್ನು ನೋಡಿ ಎದ್ದು, ತಾವು ಕೂತಿದ್ದ ಸ್ಟೂಲನ್ನೇ ಒರೆಸಿಕೊಟ್ಟರು. ಮೈಕ್ ಮೂಲೆಯಲ್ಲಿ ಕೂತು ಅರದಿಂದ ಕೀಲಿಕೈಯೊಂದನ್ನು ಉಜ್ಜುತ್ತಿದ್ದಳು. ಹರಿದ ಚೀಲ ಮೊಳೆಗೆ ನೇತುಬಿದ್ದಿತ್ತು.

"ತಪ್ಪು ನನ್ನದು," ಅಂದೆ. ಬರುವಾಗ ಏನೇನೋ ಯೋಚಿಸಿದ್ದೆ. ಬಾಯಿಗೆ ಬಂದದ್ದು ಅಷ್ಟೇ.

"ತಪ್ಪು ಅಂತಲ್ಲಮ್ಮ. ಒಳ್ಳೆ ಮನಸ್ಸಿಂದಾನೇ ಮಾಡಿದ್ರಿ. ಆದ್ರೆ ಮನೇಲಿ ಕಳ್ಳ ಇದ್ದಾನೆ ಅಂತ ಗೊತ್ತಾದ್ಮೇಲೆ ಕೀಲಿಕೈನ ಅವನ ಕೈಗೇ ಕೊಟ್ರಲ್ಲ." ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

"ಕ್ಷಮೆ ಕೇಳ್ತಾಳಾ?"

"ಕೇಳಲ್ಲ," ಅಂದಳು ಮೈಕ್, ಅರ ನಿಲ್ಲಿಸದೆ.

"ಕೇಳೋದು ಬೇಡ. ನಾನೂ ಕೇಳು ಅನ್ನಲ್ಲ. ಶುಕ್ರವಾರ ಬಂದು ಟಿಸಿ ತಗೊಂಡು ಹೋಗ್ತೀನಿ." ಅಪ್ಪ ಬೀಗವೊಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. "ಈ ಊರಲ್ಲಿ ಇನ್ನೊಂದು ಶಾಲೆ ಇಲ್ಲ, ಗೊತ್ತು. ಇಲ್ಲೇ ಕೂತು ಕೆಲಸ ಕಲೀಲಿ. ಇವಳ ಕೈ ಚೆನ್ನಾಗಿದೆ."

"ಅಪ್ಪಾ, ನಾನು ಸುದ್ದಿ ಓದೋಳು."

"ಯಾರಿಗೆ ಓದ್ತೀಯೇ? ಕೇಳೋರು ಯಾರಿದ್ದಾರೆ?"

ಅವಳು ಅರವನ್ನು ಕೆಳಗಿಟ್ಟಳು. ಇಷ್ಟು ದಿನದಲ್ಲಿ ಮೊದಲ ಸಲ ಅವಳ ದನಿ ಸಣ್ಣದಾಯಿತು. "ನಾನು ಬೇಡ ಬೇಡ ಬೇಡ ಅಂತ ಮೂರು ಸಲ ಕೂಗಿದೆ ಮಿಸ್. ನನ್ನ ದನಿ ಮೈದಾನದ ಆಚೆ ಕೇಳಿಸುತ್ತೆ. ತಿರುವಲ್ಲಿ ನಿಂತಿದ್ದೋರಿಗೆ ಕೇಳಿಸಲಿಲ್ವಂತೆ."

ಜುಲೈ 23, ಭಾನುವಾರ

ಬೆಳಿಗ್ಗೆ ಎದ್ದ ಕೂಡಲೇ ನೆನಪಾಯಿತು. ನಾನು ಓದಿದ ಶಾಲೆಯ ಬಸ್ಸಿನಲ್ಲಿ ಐದು ವರ್ಷ ನಾನೂ ನನ್ನ ಫೈಲನ್ನು ಎದೆಗೆ ಅವಚಿಕೊಂಡೇ ನಿಲ್ಲುತ್ತಿದ್ದೆ. ಹಳದಿ ರಟ್ಟಿನ ಫೈಲು, ಅದರ ಮೂಲೆ ಗಲ್ಲಕ್ಕೆ ಚುಚ್ಚುತ್ತಿತ್ತು. ಇಷ್ಟು ವರ್ಷ ಆ ನೆನಪನ್ನು ಎಲ್ಲಿ ಇಟ್ಟಿದ್ದೆ? ಮುದ್ದಾಗಿದೆ ಅಂತ ಬರೆದೆನಲ್ಲ ಇದೇ ಪುಸ್ತಕದಲ್ಲಿ.

ತಿಂಡಿ ತಿನ್ನುವಾಗ ಇವರನ್ನು ಕೇಳಿದೆ. "ನಮ್ಮ ಕಾಲದಿಂದಲೂ ಇದೆ ಅಂದ್ರಲ್ಲ. ನಿಮ್ಮ ಕಾಲದಲ್ಲಿ ನೀವೆಲ್ಲಿ ನಿಲ್ತಿದ್ರಿ?"

"ಎಲ್ಲಿ ಅಂದ್ರೆ?"

"ಮೆಟ್ಟಿಲ ಮೇಲೆ. ತಿರುವಲ್ಲಿ. ಎಡಗಡೆ ಸಾಲೋ, ಬಲಗಡೆ ಸಾಲೋ?"

ಇವರು ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ಕೂತರು. "ಎಲ್ಲರೂ ನಿಲ್ತಿದ್ರು ಕಣೆ. ಆಗ ಹದಿನಾರು ವರ್ಷ. ನಾನು ಕೈ ಹಾಕಿದ್ದು ಕಡಿಮೆ. ನಗ್ತಿದ್ದೆ, ಅಷ್ಟೇ."

"ಕಡಿಮೆ ಅಂದ್ರೆ ಎಷ್ಟು?"

ಹೇಳಿದ್ದು ಅತ್ತೆ, ಅಡುಗೆಮನೆಯ ಬಾಗಿಲಲ್ಲಿ ನಿಂತು. "ಒಂದು ಹುಡುಗಿಯ ಅಮ್ಮ ನಮ್ಮ ಮನೆಗೆ ಬಂದಿದ್ಲು. ಇದೇ ಕುರ್ಚಿ ಮೇಲೆ ಕೂತಿದ್ಲು. ನಾನು ಟೀ ಕೊಟ್ಟು, ಹುಡುಗರು ಅಂದ್ರೆ ಹಾಗೇ ಅಲ್ವೇನ್ರಿ ಅಂತ ಹೇಳಿ ಕಳಿಸಿದೆ. ಟೀ ಕುಡೀದೇ ಎದ್ದುಹೋದ್ಲು. ಆ ವರ್ಷವೇ ಹುಡುಗೀನ ಶಾಲೆ ಬಿಡಿಸಿದ್ರಂತೆ. ಆ ಲೋಟ ತೊಳೀವಾಗ ನನಗೆ ಗೊತ್ತಿತ್ತು, ನಾನು ಹೇಳಿದ್ದು ತಪ್ಪು ಅಂತ. ಗೊತ್ತಿದ್ದೂ ಸುಮ್ಮನಾದೆ."

"ಅಮ್ಮಾ, ಸಾಕು."

"ಸಾಕೋ ಬೇಕೋ ನಿನ್ನ ಹೆಂಡ್ತಿ ಹೇಳ್ಲಿ."

ನಾನು ಸಾಕು ಅನ್ನಲಿಲ್ಲ. ನೀಲಿ ಅಂಗಿ ಇಸ್ತ್ರಿ ಮಾಡಿದ್ದೆ, ಹಾಗೇ ಮಡಚಿ ಬೀರುವಿನಲ್ಲಿಟ್ಟೆ. ಒಂದು ಮಾತನ್ನಂತೂ ಹೇಳಿದೆ: "ನಾಳೆ ಪಟ್ಟಿಗಳನ್ನ ವಾಪಸ್ ತಗೋತೀನಿ. ನೀವು ಜೊತೆಗಿದ್ರೂ ಸರಿ, ಇಲ್ದಿದ್ರೂ ಸರಿ."

ಜುಲೈ 24, ಸೋಮವಾರ

ಪಟ್ಟಿ ಹನ್ನೊಂದು ವಾಪಸ್ ಬಂದವು, ಹನ್ನೆರಡನೆಯದು ಹೆಡ್‌ಮಾಸ್ಟರ ಮೇಜಿನಲ್ಲಿದೆ. ಸಂಜೆ ವಾಲಿಬಾಲ್ ಅಂಕಣಕ್ಕೆ ಹೋದೆ. ಹುಬ್ಬಿಗೆ ಬಿಳಿ ಪಟ್ಟಿ ಹಾಕಿಕೊಂಡ ಸ್ಪ್ರಿಂಗ್ ಕೂಡ ಇದ್ದ. ಎಲ್ಲರನ್ನೂ ನೆಲದ ಮೇಲೆ ಕೂರಿಸಿದೆ. ಭಾಷಣ ಮಾಡಲಿಲ್ಲ. ಏಣಿಯನ್ನು ಎದ್ದು ನಿಲ್ಲಲು ಹೇಳಿದೆ.

"ಶುಕ್ರವಾರ ನೀನು ಎಲ್ಲಿದ್ದೆ?"

"ತಿರುವಲ್ಲೇ ಮಿಸ್."

"ಏನು ನೋಡ್ದೆ?"

"ಕಾಣಿಸಲಿಲ್ಲ ಮಿಸ್. ಜನ ಇದ್ರು."

"ಅಯ್ಯೋ ಪಾಪ! ಶಾಲೇಲಿ ಎಲ್ಲರ ತಲೆ ಮೇಲಿಂದ ನೋಡೋ ಯೋಗ ಇರೋದು ನಿನಗೊಬ್ಬನಿಗೇ. ನಿನಗೇ ಕಾಣಿಸಲಿಲ್ವಾ?"

ಕೆಲವರು ಕಿಸಕ್ಕನೆ ನಕ್ಕರು. ಏಣಿ ನಗಲಿಲ್ಲ. ಸ್ಪ್ರಿಂಗ್ ಎದ್ದು, "ಹೊಲಿಗೆ ಬಿದ್ದಿರೋದು ನನಗೆ ಮಿಸ್! ಅವಳಿಗಲ್ಲ. ಅದನ್ನ ಯಾರೂ ಕೇಳಲ್ವಲ್ಲ!" ಅಂದ.

ಆಗ ಇವರು ಮಾತಾಡಿದರು. ಹಿಂದೆ ಬಂದು ನಿಂತದ್ದು ನನಗೆ ಗೊತ್ತೇ ಇರಲಿಲ್ಲ. "ಕೂತ್ಕೋ. ನೋವಾಗಿದೆ, ಗೊತ್ತು. ನನಗೆ ನಿನ್ನ ವಯಸ್ಸಲ್ಲಿ ಯಾರೂ ಡಬ್ಬಿಯಿಂದ ಹೊಡೀಲಿಲ್ಲ. ಹೊಡೆದಿದ್ರೆ ಒಳ್ಳೇದಿತ್ತು." ಆಮೇಲೆ ನಿನ್ನೆ ನನಗೆ ಹೇಳದೇ ಉಳಿಸಿಕೊಂಡದ್ದನ್ನು ಆ ಹನ್ನೆರಡು ಹುಡುಗರಿಗೆ ಹೇಳಿದರು. ಯಾವ ಸಾಲು, ಎಷ್ಟು ಸಲ, ಆ ಹುಡುಗಿ ಯಾವ ತರಗತಿ. ಹೇಳುವಾಗ ವಿಷಲಿನ ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳ ತುದಿ ಬಿಳಿಚಿಕೊಂಡಿತ್ತು. ಕೇಳುತ್ತ ನನಗೆ ಅಳು ಬರಲಿಲ್ಲ, ಪ್ರೀತಿಯೂ ಉಕ್ಕಲಿಲ್ಲ. ಪೂರ್ತಿ ಹೇಳಲಿ, ಒಂದನ್ನೂ ಬಿಡದಿರಲಿ ಅನ್ನಿಸುತ್ತಿತ್ತು.

"ನನ್ನ ಹಿಂದೆ ನಾಲ್ಕು ಜನ ಸ್ನೇಹಿತರಿದ್ರು. ಒಬ್ಬನಾದ್ರೂ ಸಾಕಪ್ಪಾ ಅಂದಿದ್ರೆ ನಾನು ನಿಲ್ಲಿಸ್ತಿದ್ದೆ. ಯಾರೂ ಅನ್ನಲಿಲ್ಲ. ಅದು ಅವರ ತಪ್ಪು ಅಂತ ಹೇಳ್ತಿಲ್ಲ. ಕೈ ನಂದು."

ಏಣಿ ಅಂಕಣದ ಗೆರೆಯನ್ನು ಕಾಲಿನಿಂದ ಉಜ್ಜುತ್ತ, "ಇಲ್ಲಿ ಬಿಡು ಅಂತ ಕೂಗ್ತೀವಲ್ಲ ಸಾರ್," ಅಂದ. "ಅಲ್ಲೂ ಕೂಗಬಹುದಿತ್ತು."

ಅಲ್ಲೇ ಹೊಸ ನಿಯಮ ಮಾಡಿದೆವು: ಕಾವಲಿಗೆ ನಿಲ್ಲುವುದು ಬೇಡ, ನೋಟ್‌ಬುಕ್ ಬೇಡ, ಹುಡುಗಿಯರ ಕಡೆ ನೋಡುವುದೇ ಬೇಡ. ನಿನ್ನ ಪಕ್ಕದಲ್ಲಿರುವ ನಿನ್ನವನನ್ನು ನೋಡಿಕೋ. ಅವನ ಕೈ ಎದ್ದರೆ ಕೂಗು. ನಾನು ಹನ್ನೆರಡು ಪಟ್ಟಿ ಹೊಲಿದು ಹುಡುಕಿದ್ದು ಆ ಹುಡುಗನ ಬಾಯಲ್ಲಿತ್ತು.

ಸ್ಪ್ರಿಂಗ್ ಚೆಂಡನ್ನು ಗೋಡೆಗೆ ಒದ್ದು ಹೊರಟುಹೋದ.

ಜುಲೈ 26, ಬುಧವಾರ

ಸುಲಭವಲ್ಲ. ಮೆಟ್ಟಿಲಲ್ಲಿ "ಬಿಡು" ಅಂತ ಕೂಗಿದ ಹುಡುಗನಿಗೆ ಅವನ ತರಗತಿಯವರು "ಏನಮ್ಮಾ ತಾಯಿ, ಬಳೆ ಬೇಕಾ?" ಅಂದಿದ್ದಾರೆ. ಅವನು ನಿನ್ನೆ ಸಂಜೆ ಅಭ್ಯಾಸಕ್ಕೆ ಬರಲಿಲ್ಲ. ಇವತ್ತು ಬಂದ. ಹನ್ನೆರಡರಲ್ಲಿ ಕೂಗಲು ಈಗ ನಾಲ್ಕು ಮಂದಿ ಉಳಿದಿದ್ದಾರೆ. ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿಯ ಸುತ್ತ ಮಾತು ನಿಲ್ಲುತ್ತದೆ. ಬಿಸ್ಕತ್ತೂ ಇಲ್ಲ. ಸಂತೋಷ, ಬಿಸ್ಕತ್ತು ಮೆತ್ತಗಿತ್ತು.

ಸ್ಪ್ರಿಂಗ್ ಆಡದಿದ್ದರೆ ಶನಿವಾರದ ಫೈನಲ್ ಕೈಬಿಟ್ಟಂತೆ ಅಂತ ಹೆಡ್‌ಮಾಸ್ಟರು ಇವರ ಮೇಲೆ ಕೂಗಾಡಿದರಂತೆ. ಇವರು ಹೇಳಿದರಂತೆ: "ನಡೆದದ್ದನ್ನ ಅವನೇ ಬಾಯಿಬಿಟ್ಟು ತಂಡದ ಮುಂದೆ ಹೇಳಲಿ ಸಾರ್. ಅಲ್ಲೀವರೆಗೆ ಆಡಿಸಲ್ಲ." ಇದನ್ನು ನನಗೆ ಹೇಳಿ ಮುಖ ನೋಡಿದರು. ಹೊಗಳುತ್ತೇನೆ ಅಂದುಕೊಂಡಿದ್ದರೇನೋ. ನಾನು "ಸರಿ" ಅಂದೆ.

ಜುಲೈ 27, ಗುರುವಾರ

ಹೆಡ್‌ಮಾಸ್ಟರು ಕ್ಷಮಾಪಣೆ ಪತ್ರವನ್ನು ತಾವೇ ಬರೆದು, ಮೈಕ್‌ಗೆ ಓದಿಸಲು ನನ್ನ ಕೈಗೆ ಕೊಟ್ಟರು. ಅವಳಿಗೆ ಕೊಟ್ಟೆ. ಓದಿ ನಕ್ಕಳು. "ನಾಳೆ ಅಪ್ಪನೂ ಬರ್ತಾರೆ ಮಿಸ್." ಅಷ್ಟೇ.

ಜುಲೈ 28, ಶುಕ್ರವಾರ

ಒಂದೂ ಬಿಡದಂತೆ ಬರೆಯುತ್ತೇನೆ.

ಬೀಗದಂಗಡಿಯ ಅಪ್ಪ ಗೇಟಿನೊಳಗೆ, ಮರದ ಕೆಳಗೆ ನಿಂತಿದ್ದರು. ಒಗೆದ ಅಂಗಿ, ಬೆರಳುಗಳಲ್ಲಿ ಎಣ್ಣೆಯ ಕಪ್ಪು. ಪ್ರಾರ್ಥನೆ ಮುಗಿಯಿತು. ಹೆಡ್‌ಮಾಸ್ಟರು ಮೈಕಿನಲ್ಲಿ, "ಒಬ್ಬ ವಿದ್ಯಾರ್ಥಿನಿ ನಿಮ್ಮೆಲ್ಲರ ಎದುರು ಒಂದು ಪತ್ರ ಓದುತ್ತಾಳೆ," ಅಂದರು. ಹುಡುಗಿ ಜಗಲಿ ಹತ್ತಿದಳು. ಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟಳು. ಬೆನ್ನು ನೆಟ್ಟಗೆ ಮಾಡಿ ಸುದ್ದಿಯ ದನಿ ತೆಗೆದಳು.

"ಸುದ್ದಿಗಳು. ಕಳೆದ ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಶಾಲೆಯ ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಕೆಂಪು ಪಟ್ಟಿ ಕಟ್ಟಿದ್ದ ವಿದ್ಯಾರ್ಥಿಯೊಬ್ಬರು ನನ್ನ ಚೀಲ ಕಿತ್ತುಕೊಂಡು ಮೈಮೇಲೆ ಕೈ ಹಾಕಿದರು."

ಹೆಡ್‌ಮಾಸ್ಟರು ಮೈಕು ಆರಿಸಿದರು. ಯಾವ ವ್ಯತ್ಯಾಸವೂ ಆಗಲಿಲ್ಲ.

"ನಾನು ಬೇಡ ಎಂದು ಮೂರು ಸಲ ಹೇಳಿದೆ. ಸ್ಥಳದಲ್ಲಿ ಹದಿನಾಲ್ಕು ಮಂದಿ ಇದ್ದರು. ಅವರಲ್ಲಿ ಯಾರಿಗೂ ನನ್ನ ದನಿ ಕೇಳಿಸಲಿಲ್ಲವೆಂದು ತಿಳಿದುಬಂದಿದೆ." ಉಸಿರು ತೆಗೆದುಕೊಂಡಳು. "ನನ್ನ ದನಿ ಹೇಗಿದೆ ಎಂದು ತಮಗೆಲ್ಲ ಗೊತ್ತು. ಡಬ್ಬಿಯಿಂದ ಹೊಡೆದದ್ದು ನಿಜ. ಕ್ಷಮೆ ಕೇಳುವುದಿಲ್ಲ. ಇಲ್ಲಿಗೆ ಸುದ್ದಿ ಮುಗಿಯಿತು."

ಗದ್ದಲ ಎದ್ದಿತು. ಹೆಡ್‌ಮಾಸ್ಟರು ಇವರ ಕಡೆ ತಿರುಗಿ ವಿಷಲ್ ಊದಿ ಅಂತ ಸನ್ನೆ ಮಾಡಿದರು. ಇವರು ವಿಷಲನ್ನು ಕೊರಳಿನಿಂದ ತೆಗೆದು ಜೇಬಿಗೆ ಹಾಕಿಕೊಂಡರು. ನಾನು ಆಗಲೇ ಜಗಲಿಯ ಮೇಲಿದ್ದೆ. ಯಾವಾಗ ಹತ್ತಿದೆನೋ ನೆನಪಿಲ್ಲ. "ಆ ಪಟ್ಟಿ ಹೊಲಿದು ಕಟ್ಟಿದವಳು ನಾನು," ಅಂದೆ. ನನ್ನ ದನಿ ಮೊದಲ ಸಾಲನ್ನೂ ದಾಟಲಿಲ್ಲ. "ಕ್ಷಮೆ ಕೇಳಬೇಕಾದ್ದು ನಾನು. ಇವಳ ಹತ್ತಿರ. ಕೇಳ್ತಿದ್ದೀನಿ."

"ಮೇಡಂ, ಕೆಳಗಿಳೀರಿ. ಯಾರೂ ನೋಡಿಲ್ಲ, ಯಾರೂ ಕೇಳಿಲ್ಲ. ಸಾಕ್ಷಿ ಇಲ್ಲದ ಮಾತು ಇದು!"

ಹತ್ತನೇ ತರಗತಿಯ ಸಾಲಿನ ಕೊನೆಯಲ್ಲಿ, ಎಲ್ಲರ ತಲೆಗಳಿಗಿಂತ ಮೇಲಿದ್ದ ತಲೆಯೊಂದು ಅಲ್ಲಾಡಿತು.

"ಕೇಳಿಸ್ತು ಸಾರ್."

"ಏಯ್, ಸುಮ್ನಿರೋ."

"ಮೂರೂ ಸಲ ಕೇಳಿಸ್ತು ಸಾರ್. ನಾನು ಅವನ ಪಕ್ಕದಲ್ಲೇ ಇದ್ದೆ. ಕಾಣಿಸ್ತು ಕೂಡ." ಅವನ ದನಿ ಒಡೆದು ಕೀರಲಾಯಿತು. ಸ್ಪ್ರಿಂಗ್ ತಲೆ ತಗ್ಗಿಸಿದ್ದ. ಹುಬ್ಬಿನ ಹೊಲಿಗೆ ಬಿಚ್ಚಿದ್ದರು, ಅಲ್ಲೊಂದು ಗುಲಾಬಿ ಗೆರೆಯಿತ್ತು. ಎಲ್ಲರೂ ದನಿಗೂಡಿಸಿದರು ಅಂತ ಬರೆಯಲು ಆಸೆ, ಆದರೆ ಹೇಳಿದ್ದು ಅವನೊಬ್ಬನೇ.

ಮಧ್ಯಾಹ್ನದ ಹೊತ್ತಿಗೆ ಏಣಿ ಬರೆದುಕೊಟ್ಟ ಸಾಕ್ಷಿ ಹೇಳಿಕೆಯ ಕೆಳಗೆ ಐದು ಸಹಿಗಳಿದ್ದವು. ಟಿಸಿ ಪುಸ್ತಕ ಮತ್ತೆ ಬೀರುವಿನೊಳಗೆ ಹೋಯಿತು. ಅಪ್ಪ ಹೊರಡುವಾಗ ಏಣಿಯನ್ನು ಕತ್ತೆತ್ತಿ ನೋಡಿ, "ಒಂದು ವಾರ ತಡ ಮಾಡ್ದೆ ಕಣಪ್ಪ," ಅಂದರು. ಅವನು "ಹೌದು" ಅಂದ.

ನನಗೆ ನೋಟೀಸು ಬಂದಿದೆ. ಅಶಿಸ್ತು, ಅನುಮತಿಯಿಲ್ಲದೆ ಜಗಲಿ ಹತ್ತಿದ್ದು. ಜೀವನದ ಮೊದಲ ನೋಟೀಸು! ಮದುವೆಯ ಫೋಟೋ ಅಂಟಿಸಲೆಂದು ಖಾಲಿ ಬಿಟ್ಟಿದ್ದ ಪುಟದಲ್ಲಿ ಅಂಟಿಸಿದ್ದೇನೆ. ಚೆನ್ನಾಗಿ ಕಾಣುತ್ತದೆ.

ಜುಲೈ 29, ಶನಿವಾರ

ಫೈನಲ್‌ನಲ್ಲಿ ಸೋತೆವು. ಹೀನಾಯವಾಗಿ. ಸ್ಪ್ರಿಂಗ್ ಕಾಂಪೌಂಡಿನ ಮೇಲೆ ಕೂತು ಕೊನೆಯವರೆಗೂ ನೋಡಿದ. ಆಟ ಮುಗಿದ ಮೇಲೆ ಇವರು ಚೆಂಡನ್ನು ಅವನ ಕಡೆ ಉರುಳಿಸಿದರು. ಅವನು ಹಿಡಿಯಲಿಲ್ಲ. ಎದ್ದೂ ಹೋಗಲಿಲ್ಲ.

ಆಗಸ್ಟ್ 3, ಗುರುವಾರ

ಬರೆಯಲು ಸಮಯವೇ ಸಿಗುತ್ತಿಲ್ಲ. ನೋಟೀಸಿಗೆ ಉತ್ತರ ಎರಡು ಸಾಲು ಬರೆದೆ: "ಹತ್ತಿದ್ದು ನಿಜ. ಮತ್ತೆ ಹತ್ತಬೇಕಾಗಿ ಬಂದರೆ ಹತ್ತುತ್ತೇನೆ." ಅತ್ತೆ ಓದಿ, "ಮತ್ತೆ ಅನ್ನೋದರ ಕೆಳಗೆ ಗೆರೆ ಎಳಿ," ಅಂದರು.

ಬೆಳಿಗ್ಗೆ ಬೇಗ ಹೊರಟೆ; ಮೊದಲ ಬೆಲ್ಲಿಗೆ ನಾನು ಮೆಟ್ಟಿಲ ಬಳಿ ಇರಬೇಕು. ಗೇಟಿನ ಹತ್ತಿರ ಹಿಂದೆ ಯಾರೋ ಓಡಿ ಬರುವ ಸದ್ದು. ಇವರು, ಒಂದು ಶೂವಿನ ಲೇಸು ಬಿಚ್ಚಿಕೊಂಡು. "ನಿಲ್ಲೇ, ಮಕ್ಕಳು ನೋಡ್ತಾರೆ, ಎಷ್ಟು ಬೇಗ ಹೋಗ್ತೀಯ!" ನೀಲಿ ಅಂಗಿಯನ್ನು ತಾವೇ ಹುಡುಕಿ ಹಾಕಿಕೊಂಡಿದ್ದರು. ಇಸ್ತ್ರಿ ಹೋಗಿತ್ತು.

ತಿರುವಿಗೆ ಈಗ ಬಲ್ಬು ಬಂದಿದೆ. ಟೋಲ್‌ಗೇಟು ಪೂರ್ತಿ ಹೋಗಿದೆ ಅಂತ ಯಾರಾದರೂ ಹೇಳಿದರೆ ನಂಬುವುದಿಲ್ಲ. ಹನ್ನೊಂದು ಹತ್ತರ ಬೆಲ್ಲಿಗೆ ಕೆಳಗೆ ನಿಂತಿದ್ದೆ. ಮೇಲೆ ನೂರಾರು ಕಾಲುಗಳ ಸದ್ದು, ಒಂದು ಕೀಟಲೆಯ ನಗು ಶುರುವಾಯಿತು. ಆಮೇಲೆ ಯಾವನೋ ಹುಡುಗ, ಏಣಿಯಲ್ಲ, ನನಗೆ ಗುರುತಿಲ್ಲದ ದನಿ:

"ಬಿಡೋ!"

ನಗು ನಿಂತಿತು. ಕಾಲುಗಳ ಸದ್ದು ಮುಂದುವರಿಯಿತು.

"ದಾರಿ ಬಿಡಿ ಮೆಟ್ಟಿಲು ಮಿಸ್," ಅಂತ ಒಬ್ಬಳು ನನ್ನನ್ನು ಪಕ್ಕಕ್ಕೆ ಸರಿಸಿ ಇಳಿದಳು. ಮೈಕ್. ಅವಳ ಹಿಂದೆ ಇನ್ನೂ ಹತ್ತು ಹುಡುಗಿಯರು, ಚೀಲಗಳು ಎಲ್ಲರ ಎದೆಗೇ. ಅವಳ ಚೀಲಕ್ಕೆ ಅಪ್ಪ ಹೊಸ ಪಟ್ಟಿ ಹಾಕಿ, ಬೀಗಕ್ಕೆ ಬಳಸುವ ದಪ್ಪ ತಂತಿಯಿಂದ ಬಿಗಿದಿದ್ದಾರೆ. ಅದು ಅವಳ ಬೆನ್ನ ಮೇಲಿತ್ತು. ಒಂದು ಕೈಯಲ್ಲಿ ನೆಗ್ಗಿದ ಡಬ್ಬಿ, ಇನ್ನೊಂದು ಕೈ ಖಾಲಿ, ಬೀಸಿಕೊಂಡು ಹೋದಳು.